ಪರಗೃಹದಲ್ಲಿ ಬೆಳೆಯುವ ಮಕ್ಕಳು: ಆಂಗ್ಲದೇಶದ ಕೆಲವು ವಿಚಾರಣೆಗಳ ಚರಿತ್ರೆ

ಹೆತ್ತವರ ಮನೆಯಲ್ಲಿ ಬೆಳೆಯದ ಮಕ್ಕಳ ಕಥೆಗಳು ನಮ್ಮ ಪುರಾಣಕಾವ್ಯಗಳಲ್ಲಿ ಹೇರಳವಾಗಿವೆ. ಕೃಷ್ಣನು ನಂದಗೋಕುಲದಲ್ಲಿ ಬೆಳೆದನು. ಕರ್ಣನನ್ನು ಸೂತನಾದ ಅಧಿರಥನೂ ಅವನ ಪತ್ನಿಯಾದ ರಾಧೆಯೂ ಸಾಕಿದರು. ಶಕುಂತಲೆಗೆ ಕಣ್ವರ ಆಶ್ರಮವೇ ತವರಾಯಿತು. ಈ ಸಾಕುತಂದೆತಾಯಿಗಳೆಲ್ಲರೂ ವಾತ್ಸಲ್ಯಮೂರ್ತಿಗಳು. ಇಂತಹ ಕಥೆಗಳನ್ನು ಕೇಳಿ ಬೆಳೆದ ನಮಗೆ ಸಾಕುಮನೆಯೆಂದರೆ ಯಶೋದೆಯ ಮನೆಯೇ ಎಂಬ ಭಾವನೆಯು ಬೇರೂರಿದೆ. ಶಾಸ್ತ್ರಕಾರರೂ ಈ ವಿಷಯವನ್ನು ಮರೆತವರಲ್ಲ. ಅನಾಥರನ್ನೂ ಬಾಲಕರನ್ನೂ ರಾಜನು ಪೋಷಿಸತಕ್ಕದ್ದೆಂದು ಕೌಟಿಲ್ಯನು ವಿಧಿಸಿದ್ದಾನೆ. ಬಾಲಕನ ಸ್ವತ್ತನ್ನು ಅವನು ವ್ಯವಹಾರಯೋಗ್ಯನಾಗುವ ತನಕ ಗ್ರಾಮವೃದ್ಧರು ವೃದ್ಧಿಗೊಳಿಸಬೇಕೆಂದೂ ಹೇಳಿದ್ದಾನೆ. ಮನುವಿನ ಮತದಲ್ಲಿಯೂ ಬಾಲಕನ ದಾಯಕ್ಕೆ ರಾಜನೇ ರಕ್ಷಕನು. ಪಾಠಶಾಲೆಯಲ್ಲಿ ಈ ಭಾಗಗಳನ್ನು ಓದುವಾಗ ನನಗೆ ಹೊಳೆಯದೆ ಇದ್ದ ಸಂದೇಹವೊಂದು ಮುಪ್ಪಿನಲ್ಲಿ ಹೊಳೆದಿದೆ. ಬಾಲಕನ ಹೊಲ ಹಸುಗಳ ಲೆಕ್ಕವನ್ನು ಕೇಳತಕ್ಕವರು ಯಾರೆಂಬುದನ್ನು ಶಾಸ್ತ್ರವು ಹೇಳಿತು. ಆದರೆ ಆ ಬಾಲಕನಿಗೆ ಇಂದು ಊಟವಾಯಿತೆ, ಅವನ ಬೆನ್ನಿನ ಮೇಲೆ ಬಾಸುಂಡೆಗಳಿವೆಯೆ ಎಂದು ಹೋಗಿ ನೋಡತಕ್ಕವರು ಯಾರು?

ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದರಲ್ಲಿ ಒಂದು ದೇಶವು ನೂರೈವತ್ತು ವರ್ಷಗಳ ಕಾಲ ಎಡವುತ್ತ ಎಡವುತ್ತ ನಡೆದುಬಂದ ಬಗೆಯನ್ನು ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ. ಆಂಗ್ಲದೇಶವನ್ನು ಆರಿಸಿಕೊಂಡುದಕ್ಕೆ ಕಾರಣವು ಇಷ್ಟೆ: ಅಲ್ಲಿಯವರು ತಮ್ಮ ತಪ್ಪುಗಳನ್ನು ವಿಚಾರಣೆಮಾಡಿ, ವರದಿಗಳನ್ನು ಅಚ್ಚುಹಾಕಿಸಿ ಇಟ್ಟಿದ್ದಾರೆ. ಎಲ್ಲ ವರದಿಗಳನ್ನೂ ಅಲ್ಲ. ಆ ಮಾತು ಮುಂದೆ ಬರುವುದು.

ಮೊದಲನೆಯ ಪ್ರಕರಣವು ೧೮೪೯ನೆಯ ಇಸವಿಯದು. ಲಂಡನಿನ ದಕ್ಷಿಣಕ್ಕಿರುವ ಟೂಟಿಂಗ್ ಎಂಬಲ್ಲಿ ಡ್ರೂಯೆ ಎಂಬಾತನು ಬಡಮಕ್ಕಳ ವಸತಿಯೊಂದನ್ನು ನಡೆಸುತ್ತಿದ್ದನು. ಲಂಡನಿನ ನಾನಾ ವಿಭಾಗಗಳ ಬಡವರ ಪಾಲಕ ಮಂಡಲಿಗಳು ತಮ್ಮ ಸುಪರ್ದಿನಲ್ಲಿದ್ದ ಅನಾಥ ಮಕ್ಕಳನ್ನು ವಾರಕ್ಕೆ ತಲೆಯೊಂದಕ್ಕೆ ನಾಲ್ಕೂವರೆ ಷಿಲ್ಲಿಂಗುಗಳಂತೆ ಇವನಿಗೆ ಗುತ್ತಿಗೆ ಕೊಡುತ್ತಿದ್ದುವು. ಹೀಗೆ ಸೇರಿದ ಮಕ್ಕಳ ಸಂಖ್ಯೆ ಸುಮಾರು ೧೪೦೦. ೧೮೪೮ರ ಕೊನೆಯಲ್ಲಿ ಅಲ್ಲಿ ಕಾಲರಾ ಬೇನೆಯು ಕಾಣಿಸಿಕೊಂಡು ಕೆಲವೇ ವಾರಗಳಲ್ಲಿ ಸುಮಾರು ೧೮೦ ಮಕ್ಕಳು ಸತ್ತರು. ಒಂದೇ ಹಾಸಿಗೆಯಲ್ಲಿ ಹಲವರನ್ನು ಮಲಗಿಸುತ್ತಿದ್ದುದೂ, ಚಳಿಗೆ ತಕ್ಕ ಬಟ್ಟೆಯಿಲ್ಲದುದೂ, ಆಹಾರವು ಸಾಲದಿದ್ದುದೂ ಆಗ ಹೊರಬಿದ್ದುವು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಬೇನೆ ತಗಲುವುದಕ್ಕೆ ಕೆಲವು ತಿಂಗಳ ಮುಂಚೆ ಹೋಬರ್ನ್ ಪ್ರದೇಶದ ಪಾಲಕ ಮಂಡಲಿಯವರು ಆ ವಸತಿಯನ್ನು ನೋಡಲು ಹೋಗಿದ್ದರು. ಅಸಮಾಧಾನವುಳ್ಳವರು ಕೈಯೆತ್ತಬಹುದೆಂದು ಹುಡುಗರಿಗೆ ಹೇಳಲಾಗಿ, ಕೆಲವರು ಧೈರ್ಯಮಾಡಿ ಕೈಯೆತ್ತಿದರು. ಡ್ರೂಯೆಯು ಅಲ್ಲಿಯೇ ನಿಂತಿದ್ದನು. ಕೈಯೆತ್ತಿದವರನ್ನು ಸುಳ್ಳರೆಂದು ಬೈದು ಹೆದರಿಸಿದನು. ಪಾಲಕರು ಮರಳಿದರು, ಮಕ್ಕಳು ಅಲ್ಲಿಯೇ ಉಳಿದರು.

ಟೂಟಿಂಗಿನಲ್ಲಿ ಸತ್ತ ಮಕ್ಕಳ ವಿಷಯದಲ್ಲಿ ಆ ಸೀಮೆಯ ಮರಣವಿಚಾರಣಾಧಿಕಾರಿಯು ಯಾವ ವಿಚಾರಣೆಯನ್ನೂ ಮಾಡಲಿಲ್ಲ. ಆದರೆ ಕೆಲವು ಮಕ್ಕಳನ್ನು ಲಂಡನಿನ ರಾಯಲ್ ಫ್ರೀ ಆಸ್ಪತ್ರೆಗೆ ಸಾಗಿಸಿದ್ದರು; ಅವರಲ್ಲಿ ಕೆಲವರು ಅಲ್ಲಿ ಸತ್ತರು. ಆ ಆಸ್ಪತ್ರೆಯು ತಾಮಸ್ ವ್ಯಾಕ್ಲಿ ಎಂಬ ಅಧಿಕಾರಿಯ ಎಲ್ಲೆಗೆ ಸೇರಿದ್ದಿತು. ಈತನು ಶಸ್ತ್ರವೈದ್ಯನು, ೧೮೨೩ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆಯನ್ನು ಸ್ಥಾಪಿಸಿದವನು, ದಾಕ್ಷಿಣ್ಯವನ್ನರಿಯದವನು. ಇವನು ನಡೆಸಿದ ವಿಚಾರಣೆಯಿಂದಲೇ ಡ್ರೂಯೆಯ ಮೇಲೆ ನರಹತ್ಯೆಯ ಆರೋಪವು ಬಂದಿತು. ಒಂದು ಸೀಮೆಯ ಗಡಿಯನ್ನು ದಾಟಿ ಸತ್ತುದರಿಂದ ಆ ಮಕ್ಕಳಿಗೆ ವಿಚಾರಣೆಯು ದೊರೆಯಿತು! ಏಪ್ರಿಲಿನಲ್ಲಿ ಮೊಕದ್ದಮೆ ನಡೆದಾಗ, ಸರಿಯಾಗಿ ಪೋಷಿಸಿದ್ದರೆ ಮಗುವು ಕಾಲರಾದಿಂದ ಬದುಕುತ್ತಿತ್ತೆಂಬುದಕ್ಕೆ ರುಜುವಾತು ಇಲ್ಲವೆಂದು ನ್ಯಾಯಾಧೀಶನು ಡ್ರೂಯೆಯನ್ನು ಬಿಡುಗಡೆ ಮಾಡಿಸಿದನು. ಕಾದಂಬರಿಕಾರನಾದ ಡಿಕನ್ಸನು ‘ಎಗ್ಸಾಮಿನರ್’ ಪತ್ರಿಕೆಯಲ್ಲಿ ಈ ವಿಷಯವಾಗಿ ಕಟುವಾದ ಲೇಖನಗಳನ್ನು ಬರೆದನು. ಅವನ ‘ಬ್ಲೀಕ್ ಹೌಸ್’ ಕಾದಂಬರಿಯನ್ನು ಓದಿದವರಿಗೆ ಗಸ್ಟರ್ ಎಂಬ ಮೂರ್ಛೆರೋಗದ ಕೆಲಸದ ಹುಡುಗಿಯ ನೆನಪಿದ್ದೀತು. ಅವಳು ಟೂಟಿಂಗಿನಲ್ಲಿ ಬೆಳೆದವಳೆಂದು ಅವನು ಬರೆದುದು ಸುಮ್ಮನೆ ಅಲ್ಲ.

ಈಚೆಗೆ, ಮಕ್ಕಳನ್ನು ದೊಡ್ಡ ವಸತಿಗಳಲ್ಲಿ ಕೂಡಿಹಾಕುವುದಕ್ಕಿಂತ ಹಳ್ಳಿಯ ಸಂಸಾರಗಳಲ್ಲಿ ಹಣ ಕೊಟ್ಟು ಬೆಳೆಸುವುದೇ ಲೇಸೆಂಬ ಅಭಿಪ್ರಾಯವು ಬಲವಾಯಿತು. ಹಾಗೆ ಬಿಟ್ಟ ಮಕ್ಕಳನ್ನು ನೋಡಿಕೊಂಡು ಬರುವುದಕ್ಕೆ ೧೮೮೫ರಲ್ಲಿ ಮೇರಿಯಾನ್ ಮೇಸನ್ ಎಂಬ ಮಹಿಳೆಯು ನೇಮಕವಾದಳು. ಹಳ್ಳಿಯ ಶಿಶುಗೀತೆಗಳನ್ನೂ ಜನಪದಗೀತೆಗಳನ್ನೂ ಸಂಗ್ರಹಿಸಿ ಪ್ರಕಟಿಸಿದವಳೂ ಇವಳೇ. ಇವಳ ಪರೀಕ್ಷಾಕ್ರಮವು ಬಹಳ ಸರಳ. ಮನೆಯೊಡತಿಯ ಮಾತನ್ನಾಗಲಿ, ಒಪ್ಪವಾದ ಮುಂಗೋಣೆಯನ್ನಾಗಲಿ, ತೊಳೆದ ಮುಖವನ್ನಾಗಲಿ ನಂಬದೆ, ಮಗುವಿನ ಬೂಟು ಕಾಲುಚೀಲಗಳನ್ನು ಬಿಚ್ಚಿಸಿ ಪಾದಗಳನ್ನು ನೋಡುವಳು. ಮುಖ ಕೈಗಳನ್ನು ಪರೀಕ್ಷಕರು ಬರುವ ದಿನ ತೊಳೆಯಬಹುದು. ತಿಂಗಳುಗಟ್ಟಲೆಯ ಕೊಳೆಯೂ ಹುಣ್ಣೂ ಏಟಿನ ಗುರುತೂ ಬಟ್ಟೆಯೊಳಗಿರುವುವು. ನನಗೆ ತಿಳಿದಮಟ್ಟಿಗೆ ಈ ವಿದ್ಯೆಗೆ ಇದಕ್ಕಿಂತ ಉತ್ತಮವಾದ ಸೂತ್ರವು ಇನ್ನೂ ಹುಟ್ಟಿಲ್ಲ. ಅವಳು ನಿವೃತ್ತಳಾದ ಮೇಲೆ ಆ ಸೂತ್ರವನ್ನು ಕಾಗದದ ಮೇಲೆ ಉಳಿಸಿಕೊಂಡರು. ಕಾಲುಚೀಲವನ್ನು ಬಿಚ್ಚಿಸುವವರು ಕಡಮೆಯಾದರು.

ಇನ್ನು ಮುಖ್ಯವಾದ ಪ್ರಕರಣಕ್ಕೆ ಬರುತ್ತೇನೆ.

ವೇಲ್ಸಿನ ನ್ಯೂಪೋರ್ಟ್ ಪಟ್ಟಣದಲ್ಲಿ ಓನೀಲ್ ಎಂಬ ಕಡುಬಡವರ ಸಂಸಾರವಿದ್ದಿತು. ಹೆತ್ತವರು ಮಕ್ಕಳನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲವೆಂದು ೧೯೪೦ರಲ್ಲಿ ನ್ಯಾಯಸ್ಥಾನವು ಆ ಮಕ್ಕಳನ್ನು ಪೌರಸಭೆಯ ವಶಕ್ಕೆ ಒಪ್ಪಿಸಿತು. ೧೯೩೩ನೆಯ ಇಸವಿಯ ಶಾಸನದ ಪ್ರಕಾರ ಹೀಗೆ ಮಗುವನ್ನು ವಹಿಸಿಕೊಳ್ಳುವವರಿಗೆ ‘ಯೋಗ್ಯ ವ್ಯಕ್ತಿ’ ಎಂದು ಹೆಸರು. ಸಭೆಯೆಂಬುದು ಸಂಸ್ಕೃತದಲ್ಲಿ ಸ್ತ್ರೀಲಿಂಗ, ಕನ್ನಡದಲ್ಲಿ ನಪುಂಸಕ; ಆಂಗ್ಲರ ಶಾಸನದಲ್ಲಿ ಅದೊಂದು ವ್ಯಕ್ತಿ. ಈ ವ್ಯಕ್ತಿಗೆ ಕಣ್ಣು ಕಿವಿಗಳು ಎಲ್ಲಿದ್ದುವೆಂಬುದೇ ಮುಂದಿನ ಕಥೆ.

ಯುದ್ಧಕಾಲವದು. ನಗರಗಳಿಂದ ತೆರವು ಮಾಡಿಸಿದ ಮಕ್ಕಳಿಂದ ಹಳ್ಳಿಯ ಮನೆಗಳು ತುಂಬಿಹೋಗಿದ್ದುವು. ಸಾಕುಮನೆಗಳು ಸಿಕ್ಕುವುದು ದುರ್ಲಭವಾಗಿತ್ತು. ಓನೀಲ್ ಮಕ್ಕಳು ಒಂದು ಮನೆಯಿಂದ ಇನ್ನೊಂದಕ್ಕೆ ಅಲೆದು, ೧೯೪೪ರ ಜೂನ್ ತಿಂಗಳ ಕೊನೆಯಲ್ಲಿ ಡೆನಿಸ್ ಎಂಬ ಹನ್ನೆರಡು ವರ್ಷದ ಹುಡುಗನೂ, ಒಂದು ವಾರದ ತರುವಾಯ ಅವನ ತಮ್ಮನಾದ ಟೆರೆನ್ಸನೂ, ಷ್ರಾಪ್‌ಷೈರ್ ಸೀಮೆಯ ಮಿನ್‌ಸ್ಟರ್‌ಲಿ ಎಂಬ ಊರಿನ ಸಮೀಪದಲ್ಲಿ ಒಂಟಿಯಾಗಿದ್ದ ಬ್ಯಾಂಕ್ ಫಾರ್ಮ್ ಎಂಬ ಹೊಲಮನೆಗೆ ಬಂದು ಸೇರಿದರು. ರೆಜಿನಾಲ್ಡ್ ಗಾಫ್, ಎಸ್ತರ್ ಗಾಫ್ ಎಂಬ ದಂಪತಿಗಳು ಆ ಮನೆಯವರು. ಮತ್ತೊಬ್ಬ ಸೋದರನು ಅಲ್ಲಿಂದ ಸ್ವಲ್ಪ ದೂರದಲ್ಲಿ ಬೇರೊಂದು ಮನೆಯಲ್ಲಿದ್ದನು. ಅವನನ್ನು ಅಲ್ಲಿಯವರು ಚೆನ್ನಾಗಿಯೇ ನೋಡಿಕೊಂಡರು.

೧೯೪೫ನೆಯ ಜನವರಿ ೯ರಂದು ಗಾಫನ ಹೆಂಡತಿಯು ವೈದ್ಯನಿಗೆ ಟೆಲಿಫೋನು ಮಾಡಿ, ಹುಡುಗನಿಗೆ ಸೆಳವು ಬಂದಿದೆಯೆಂದು ತಿಳಿಸಿದಳು. ವೈದ್ಯನು ಬಂದು ನೋಡುವಾಗ ಡೆನಿಸನ ಪ್ರಾಣ ಹೋಗಿ ಕೆಲವು ಗಂಟೆಗಳು ಕಳೆದಿದ್ದುವು. ವಯಸ್ಸಿಗೆ ತಕ್ಕ ತೂಕವಿರಲಿಲ್ಲ, ಕಾಲುಗಳಲ್ಲಿ ಹುಣ್ಣುಗಳು, ಎದೆಯ ಮೇಲೂ ಬೆನ್ನಿನ ಮೇಲೂ ಏಟಿನ ಗುರುತುಗಳು. ಅರೆಹೊಟ್ಟೆಯಲ್ಲಿ ಕೃಶವಾಗಿದ್ದ ದೇಹಕ್ಕೆ ಏಟು ಬಿದ್ದುದರಿಂದ ಹೃದಯವು ನಿಂತಿತೆಂದು ವೈದ್ಯರು ನಿರ್ಣಯಿಸಿದರು. ಮೇಸನ್ ಮಹಾಶಯೆಯು ಪಾದಪರೀಕ್ಷೆಯನ್ನು ಆರಂಭಿಸಿ ಅಷ್ಟುಹೊತ್ತಿಗೆ ಅರುವತ್ತು ವರ್ಷಗಳಾಗಿದ್ದುವು.

ನ್ಯಾಯಸ್ಥಾನದಲ್ಲಿ ಸಾಕ್ಷ್ಯವನ್ನು ನುಡಿದವನು ಹತ್ತು ವರ್ಷದ ಟೆರೆನ್ಸ್. ತಮಗೆ ಬ್ರೆಡ್ಡು, ಬೆಣ್ಣೆ, ಚಹಾ ಇಷ್ಟರ ಹೊರತು ಹೆಚ್ಚೇನೂ ದೊರೆಯುತ್ತಿರಲಿಲ್ಲವೆಂದೂ, ದಿನದಲ್ಲಿ ಮಾಡಿದ ತಪ್ಪುಗಳನ್ನು ಎಣಿಸಿಟ್ಟು ರಾತ್ರಿಯಲ್ಲಿ ಬೆತ್ತದ ಏಟುಗಳನ್ನು ಕೊಡುತ್ತಿದ್ದರೆಂದೂ, ಹಸಿವು ತಡೆಯದೆ ಅಣ್ಣನು ಕೊಟ್ಟಿಗೆಗೆ ಹೋಗಿ ಹಸುವಿನ ಕೆಚ್ಚಲಿಗೆ ಬಾಯಿಟ್ಟು ಹಾಲು ಕುಡಿದನೆಂದೂ ಆ ಹುಡುಗನು ಹೇಳಿದನು. ಕರುವಿಗೆ ಮೊದಲು ಬಿಟ್ಟು ಆಮೇಲೆ ಹಾಲು ಕರೆಯುವ ನಮ್ಮ ಮನೆಗಳ ಗೃಹಿಣಿಯರಿಗೆ ಈ ಒಂದು ಸಂಗತಿಯೇ ಸಾಕು. ಉಳಿದ ವಿವರಗಳನ್ನು ನಾನು ಬರೆಯುವುದಿಲ್ಲ. ೧೯೪೫ರ ಮಾರ್ಚಿಯಲ್ಲಿ ಸ್ಟಾಫರ್ಡಿನ ನ್ಯಾಯಸ್ಥಾನವು ಗಾಫನಿಗೆ ನರಹತ್ಯೆಗಾಗಿ ಆರು ವರ್ಷಗಳ ಕಠಿನ ಸಜೆಯನ್ನೂ, ಅವನ ಹೆಂಡತಿಗೆ ಉಪೇಕ್ಷೆಗಾಗಿ ಆರು ತಿಂಗಳ ಸಜೆಯನ್ನೂ ವಿಧಿಸಿತು.

ಅಪರಾಧಿಗಳಿಗೆ ಶಿಕ್ಷೆಯಾಯಿತು. ಸಾಮಾನ್ಯವಾಗಿ ಕಥೆಯು ಇಲ್ಲಿಗೆ ಮುಗಿಯುತ್ತದೆ. ಆಂಗ್ಲ ಸರ್ಕಾರವು ಹಾಗೆ ಮುಗಿಸದೆ, ಹುಡುಗನನ್ನು ಆ ಮನೆಗೆ ಕಳುಹಿಸಿದವರ ನಡತೆಯನ್ನು ವಿಚಾರಿಸಲು ಸರ್ ವಾಲ್ಟರ್ ಮಾಂಕ್ಟನ್ ಎಂಬ ನ್ಯಾಯವಾದಿಯನ್ನು ನೇಮಿಸಿತು. ಈ ಹೆಸರು ನಮ್ಮ ಕಲಬುರಗಿ, ರಾಯಚೂರು, ಬೀದರ ಕಡೆಯ ಹಿರಿಯರಿಗೆ ಹೊಸದಲ್ಲ. ಸ್ವಾತಂತ್ರ್ಯದ ಸಂಧಿಕಾಲದಲ್ಲಿ ಹೈದರಾಬಾದಿನ ನಿಜಾಮರ ಪರವಾಗಿ ಮೌಂಟ್‌ಬ್ಯಾಟನ್ನರೊಡನೆ ಸಂಧಾನವನ್ನು ನಡೆಸಿದ ಮಾಂಕ್ಟನ್ನನೇ ಈತನು. ರಾಜರ ಕಾಗದಪತ್ರಗಳನ್ನು ನೋಡಿ ಪಳಗಿದ ಆ ಕಣ್ಣುಗಳು ೧೯೪೫ರ ವಸಂತದಲ್ಲಿ ಒಬ್ಬ ಬಡಹುಡುಗನ ಕಡತವನ್ನು ಹಾಳೆಹಾಳೆಯಾಗಿ ತಿರುವಿಹಾಕಿದುವು. ಮೇ ತಿಂಗಳಲ್ಲಿ ವರದಿಯು ಪ್ರಕಟವಾಯಿತು.

ಕಡತದಲ್ಲಿ ಕಂಡುದೇನು? ಹುಡುಗನು ನ್ಯೂಪೋರ್ಟಿನವರ ಹೊಣೆ. ಇದ್ದುದು ಷ್ರಾಪ್‌ಷೈರಿನವರ ಎಲ್ಲೆಯಲ್ಲಿ. ದೂರದವರು ಹತ್ತಿರದವರು ನೋಡಿಕೊಳ್ಳುವರೆಂದು ನಂಬಿದರು. ಹತ್ತಿರದವರು ಮಗುವು ತಮ್ಮದಲ್ಲವೆಂದು ಸುಮ್ಮನಿದ್ದರು. ಎರಡು ಕಚೇರಿಗಳ ನಡುವೆ ಪತ್ರಗಳು ಹೋಗಿಬರುತ್ತಿದ್ದುವು. ಮನೆಯವರ ಪೂರ್ವೋತ್ತರಗಳನ್ನು ಚೆನ್ನಾಗಿ ವಿಚಾರಿಸಿರಲಿಲ್ಲ. ವಿಧಿಸಿದ್ದ ವೈದ್ಯಪರೀಕ್ಷೆಯು ನಡೆದಿರಲಿಲ್ಲ. ಕೊನೆಗೆ ಡಿಸೆಂಬರ್ ೨೦ರಂದು ನ್ಯೂಪೋರ್ಟಿನ ಕಚೇರಿಯಿಂದ ಒಬ್ಬ ತರುಣಿಯು, ಗುಮಾಸ್ತೆಯಾಗಿದ್ದವಳು, ಆ ಹೊಲಮನೆಗೆ ಹೋದಳು. ಡೆನಿಸನ ಮುಖವನ್ನು ನೋಡಿದೊಡನೆ ಅವನು ಅಸ್ವಸ್ಥನೆಂದೂ ಹೆದರಿರುವನೆಂದೂ ಅವಳಿಗೆ ಮನವರಿಕೆಯಾಯಿತು. ವೈದ್ಯನಿಗೆ ತೋರಿಸಿರೆಂದು ಮನೆಯವಳಿಗೆ ಹೇಳಿದಳು. ಹಿಂದಿರುಗಿ, ಹುಡುಗರನ್ನು ಅಲ್ಲಿಂದ ಬಿಡಿಸಬೇಕೆಂದು ವರದಿಯನ್ನು ಬರೆದಳು.

ಡಿಸೆಂಬರ್ ೨೦ರಿಂದ ಜನವರಿ ೯ಕ್ಕೆ ಇಪ್ಪತ್ತು ದಿನಗಳು. ನಡುವೆ ಕ್ರಿಸ್ತಜಯಂತಿಯ ಹಬ್ಬವೂ ಹೊಸ ವರ್ಷವೂ ಬಂದುವು. ವರದಿಯು ಮೇಜಿನಿಂದ ಮೇಜಿಗೆ ನಡೆಯಿತು. ಹುಡುಗರನ್ನು ಕರೆತರಲು ಯಾರೂ ಹೊರಡಲಿಲ್ಲ. ಮಾಂಕ್ಟನ್ನನ ವರದಿಯಲ್ಲಿ ನನ್ನ ಮನಸ್ಸನ್ನು ಬಹಳವಾಗಿ ಕಲಕಿದ ಭಾಗವು ಇದು. ಈ ಪ್ರಕರಣದಲ್ಲಿ ದೂರು ಹೇಳುವವರಿಲ್ಲದೆ ಇರಲಿಲ್ಲ, ಕಂಡವರಿಲ್ಲದೆ ಇರಲಿಲ್ಲ. ಕಂಡವಳು ಸರಿಯಾಗಿಯೇ ಕಂಡಳು, ಸರಿಯಾಗಿಯೇ ಬರೆದಳು. ಆದರೆ ಅವಳು ಕಚೇರಿಯಲ್ಲಿ ಕಿರಿಯಳು. ಮಗುವನ್ನು ಆ ಕ್ಷಣವೇ ಕೈಹಿಡಿದು ಕರೆತರುವ ಅಧಿಕಾರವು ಅವಳಿಗಿರಲಿಲ್ಲ. ಅಧಿಕಾರವುಳ್ಳವರು ಮಗುವನ್ನು ನೋಡಿರಲಿಲ್ಲ. ಮಗುವನ್ನು ವಹಿಸಿಕೊಂಡ ಸಭೆಗೂ ಆ ಮಗುವಿಗೂ ಇರುವ ಸಂಬಂಧವು ವೈಯಕ್ತಿಕವಾದುದೆಂದೂ, ಅದರಿಂದ ಜಾರಿಕೊಳ್ಳಕೂಡದೆಂದೂ ಮಾಂಕ್ಟನ್ನನು ಬರೆದನು. ಯೋಗ್ಯ ವ್ಯಕ್ತಿಯೆಂಬ ಮಾತಿನ ಅರ್ಥವನ್ನು ಒಬ್ಬ ವಕೀಲನು ಹೀಗೆ ಬಿಡಿಸಿ ಹೇಳಬೇಕಾಯಿತು.

ಈ ಸಂದರ್ಭದಲ್ಲಿ ನನ್ನ ಅನುಭವವೊಂದನ್ನು ಹೇಳದೆ ಮುಂದುವರಿಯುವುದು ಪ್ರಾಮಾಣಿಕವಾಗಲಾರದು. ನಾನು ಉಪಾಧ್ಯಾಯನಾಗಿದ್ದಾಗ, ಒಂದು ಊರಿನಲ್ಲಿ ಬಡ ಹುಡುಗರ ವಸತಿಯೊಂದನ್ನು ನೋಡಿ ಅಭಿಪ್ರಾಯವನ್ನು ಬರೆಯಲು ನಾಲ್ವರು ಗೃಹಸ್ಥರೊಡನೆ ನನ್ನನ್ನೂ ಕರೆದಿದ್ದರು. ಮೇಲ್ವಿಚಾರಕರು ನಮ್ಮ ಪಕ್ಕದಲ್ಲಿಯೇ ಇದ್ದರು. ಹುಡುಗರನ್ನು ಸಾಲಾಗಿ ನಿಲ್ಲಿಸಿದ್ದರು. “ಊಟ ಚೆನ್ನಾಗಿದೆಯೇನಪ್ಪ?” ಎಂದು ಕೇಳಿದೆನು. “ಚೆನ್ನಾಗಿದೆ ಸಾರ್” ಎಂದು ಎಲ್ಲರೂ ಏಕಕಂಠದಿಂದ ಹೇಳಿದರು. ಸಂಧ್ಯಾವಂದನೆಯ ಮಂತ್ರಗಳನ್ನು ಸಹ ಅಷ್ಟು ಚೆನ್ನಾಗಿ ಒಟ್ಟಿಗೆ ಹೇಳುವ ಹುಡುಗರನ್ನು ನಾನು ಕಂಡಿರಲಿಲ್ಲ. ಸಂದರ್ಶಕರ ಪುಸ್ತಕದಲ್ಲಿ, ವ್ಯವಸ್ಥೆಯು ತೃಪ್ತಿಕರವಾಗಿದೆಯೆಂದು ಬರೆದು ರುಜುಮಾಡಿ ಬಂದೆನು. ಎರಡು ವರ್ಷಗಳಾದ ಮೇಲೆ ಆ ಹುಡುಗರಲ್ಲೊಬ್ಬನು ನಮ್ಮ ಶಾಲೆಗೆ ಸೇರಿದನು. ಒಂದು ದಿನ ಮಾತಿಗೆ ಮಾತು ಬಂದಾಗ, “ನೀವು ಬಂದ ದಿನ ಪಾಯಸ ಮಾಡಿದ್ದರು ಸಾರ್” ಎಂದನು. ಮಿಕ್ಕ ದಿನಗಳಲ್ಲಿ ಏನಾಗುತ್ತಿತ್ತೆಂಬುದನ್ನು ಅವನು ನಿಧಾನವಾಗಿ ಹೇಳಿದನು. ಅಷ್ಟರಲ್ಲಿ ಆ ವಸತಿಯು ಮುಚ್ಚಿಹೋಗಿತ್ತು. ನನ್ನ ರುಜು ಮಾತ್ರ ಆ ಪುಸ್ತಕದಲ್ಲಿ ಹಾಗೆಯೇ ಇದ್ದೀತು.

ಡೆನಿಸನ ಮರಣಕ್ಕೆ ಮುಂಚೆಯೇ, ೧೯೪೪ರ ಜುಲೈಯಲ್ಲಿ, ಲೇಡಿ ಆಲನ್ ಎಂಬಾಕೆಯು ‘ಟೈಮ್ಸ್’ ಪತ್ರಿಕೆಗೆ ಒಂದು ಕಾಗದವನ್ನು ಬರೆದು, ಅನಾಥಾಲಯಗಳಲ್ಲಿರುವ ಮಕ್ಕಳ ಸ್ಥಿತಿಯನ್ನು ವಿಚಾರಿಸಬೇಕೆಂದು ಕೇಳಿದ್ದಳು. ಅದರ ಹಿಂದೆಯೇ ನೂರಾರು ಓಲೆಗಳು ಆ ಪತ್ರಿಕೆಗೆ ಬಂದಿದ್ದುವು. ಡೆನಿಸನ ಪ್ರಕರಣದಿಂದ ಜನಾಭಿಪ್ರಾಯವು ಕೆರಳಿತು. ಕೇಂಬ್ರಿಜ್ಜಿನ ನ್ಯೂನಮ್ ಕಾಲೇಜಿನ ಅಧ್ಯಕ್ಷೆಯಾಗಿದ್ದ ಮೈರಾ ಕರ್ಟಿಸ್ ಅವರ ನೇತೃತ್ವದಲ್ಲಿ ೧೯೪೫ರಲ್ಲಿ ಕೂಡಿದ ಸಮಿತಿಯು, ಆಂಗ್ಲದೇಶ ಮತ್ತು ವೇಲ್ಸುಗಳ ವಸತಿಗಳನ್ನೂ ಸಾಕುಮನೆಗಳನ್ನೂ ಸಂಚರಿಸಿ ನೋಡಿ, ೧೯೪೬ರಲ್ಲಿ ವರದಿಯನ್ನೊಪ್ಪಿಸಿತು. ಸ್ವಂತ ಮನೆಯ ಬಾಳನ್ನು ಕಳೆದುಕೊಂಡ ಮಕ್ಕಳು ಸುಮಾರು ೧ ಲಕ್ಷ ೨೫ ಸಾವಿರ ಮಂದಿಯೆಂದು ಎಣಿಸಿತು. ಬುದ್ಧಿಪೂರ್ವಕವಾದ ಕ್ರೌರ್ಯವು ಸಮಿತಿಗೆ ಕಂಡುದು ವಿರಳ. ಹೆಚ್ಚಾಗಿ ಕಂಡುದು ಬೇರೊಂದು ಬಗೆಯದು: ತನ್ನದೆಂದು ಹೇಳಿಕೊಳ್ಳಲು ಒಂದು ಆಟದ ಸಾಮಾನೂ ಇಲ್ಲದ ಮಕ್ಕಳು, ಯಾರೋ ಅಪರಿಚಿತರು ಬಂದರೆ ಅವರ ಬಟ್ಟೆಗೆ ಜೋತುಬೀಳುವ ಕೂಸುಗಳು. ಮಕ್ಕಳ ವಿಷಯವು ಗೃಹಶಾಖೆ, ಆರೋಗ್ಯಶಾಖೆ, ವಿದ್ಯಾಶಾಖೆಗಳೆಂದು ಹರಿದು ಹಂಚಿಹೋಗಿದ್ದುದೂ ಸಮಿತಿಗೆ ಕಂಡಿತು. ಇದರ ಫಲವಾಗಿ ೧೯೪೮ರ ಮಕ್ಕಳ ಶಾಸನವು ಹುಟ್ಟಿ, ಆ ವರ್ಷದ ಜುಲೈ ೫ರಂದು ಜಾರಿಗೆ ಬಂದಿತು. ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿಯೂ ಮಕ್ಕಳ ಸಮಿತಿಯೊಂದೂ, ಮಕ್ಕಳ ಅಧಿಕಾರಿಯೊಬ್ಬರೂ ಇರತಕ್ಕದ್ದೆಂದಾಯಿತು. ಆ ಅಧಿಕಾರಿಯು ಮಗುವನ್ನು ಸ್ವತಃ ಅರಿತಿರಬೇಕೆಂಬುದು ಕರ್ಟಿಸ್ ಸಮಿತಿಯ ಆಶಯವಾಗಿತ್ತು.

ಇದೇ ಪ್ರಕರಣದ ಎಳೆಯನ್ನು ಹಿಡಿದು ಅಗಾಥಾ ಕ್ರಿಸ್ಟಿಯು ೧೯೪೭ರಲ್ಲಿ ಒಂದು ರೇಡಿಯೋ ರೂಪಕವನ್ನು ಬರೆದಳು; ಅದು ಬೆಳೆದು ‘ಮೌಸ್‌ಟ್ರ್ಯಾಪ್’ ಎಂಬ ನಾಟಕವಾಗಿ ೧೯೫೨ರ ನವೆಂಬರಿನಿಂದ ಲಂಡನಿನಲ್ಲಿ ನಡೆಯುತ್ತ ಬಂದಿದೆ. ನೋಡಿ ನಲಿದ ಲಕ್ಷಾಂತರ ಪ್ರೇಕ್ಷಕರಲ್ಲಿ ಹಸುವಿನ ಕೆಚ್ಚಲಿಗೆ ಬಾಯಿಟ್ಟ ಹುಡುಗನನ್ನು ನೆನೆದವರು ಎಷ್ಟು ಮಂದಿಯೋ ಕಾಣೆನು.

೧೯೪೮ರ ಶಾಸನದಿಂದ ಎಲ್ಲವೂ ಸರಿಹೋಯಿತೆಂದು ಬರೆದು ಮುಗಿಸಲು ಬರುವಂತಿಲ್ಲ. ವೇಲ್ಸಿನ ಉತ್ತರಭಾಗದ ಮಕ್ಕಳ ವಸತಿಗಳಲ್ಲಿ ೧೯೭೦ರಿಂದೀಚೆಗೆ ನಡೆದ ಅತ್ಯಾಚಾರಗಳು ಬಹುಕಾಲ ಮುಚ್ಚಿಹೋಗಿದ್ದುವು. ಮಕ್ಕಳ ದೂರುಗಳನ್ನು ಮೇಲಿನವರಿಗೆ ಮುಟ್ಟಿಸಿದ ಗೃಹಾಧ್ಯಕ್ಷೆಯೊಬ್ಬಳು ಕೆಲಸವನ್ನು ಕಳೆದುಕೊಂಡಳು. ಕ್ಲೂಯಿಡ್ ಸೀಮೆಯ ಸಭೆಯು ೧೯೯೪ರಲ್ಲಿ ತಾನೇ ನೇಮಿಸಿದ ಜಿಲ್ಲಿಂಗ್ಸ್ ಸಮಿತಿಯು ೧೯೯೬ರಲ್ಲಿ ವರದಿಯನ್ನು ಕೊಟ್ಟಾಗ, ಅದು ಪ್ರಕಟವಾದರೆ ಪರಿಹಾರದ ದಾವೆಗಳು ಬಂದಾವೆಂದು ವಿಮಾ ಕಂಪನಿಯವರು ಎಚ್ಚರಿಸಿದರು. ಪ್ರತಿಗಳನ್ನು ನಾಶಮಾಡಿದರು. ನಾನು ಮೊದಲು ‘ಎಲ್ಲ ವರದಿಗಳನ್ನೂ ಅಲ್ಲ’ ಎಂದುದು ಇದನ್ನೇ. ಉಳಿದುಕೊಂಡ ಪ್ರತಿಯೊಂದರಿಂದ ಆ ವರದಿಯು ೨೦೧೩ರಲ್ಲಿ, ಅಲ್ಲಲ್ಲಿ ಮಸಿ ಬಳಿದ ಪಂಕ್ತಿಗಳೊಡನೆ, ಬೆಳಕನ್ನು ಕಂಡಿತು. ಅಷ್ಟರೊಳಗೆ ಸರ್ಕಾರವು ನೇಮಿಸಿದ್ದ ವಾಟರ್‌ಹೌಸ್ ನ್ಯಾಯಮಂಡಲಿಯು ವಿಚಾರಣೆಯನ್ನು ನಡೆಸಿ ೨೦೦೦ದಲ್ಲಿ ತನ್ನ ವರದಿಯನ್ನು ಹೊರಡಿಸಿತ್ತು. ೨೦೦೧ರಲ್ಲಿ ವೇಲ್ಸಿಗೆ ಮಕ್ಕಳ ಆಯುಕ್ತರೊಬ್ಬರು ನೇಮಕವಾದರು.

ನಮ್ಮ ದೇಶದ ೨೦೧೫ನೆಯ ಬಾಲನ್ಯಾಯ ಶಾಸನವು ಮಕ್ಕಳ ವಸತಿಗಳೆಲ್ಲವೂ ನೋಂದಾಯಿತವಾಗಬೇಕೆಂದೂ, ಮೂರು ಜನಕ್ಕೆ ಕಡಮೆಯಿಲ್ಲದ ತನಿಖಾ ಸಮಿತಿಯು ಮೂರು ತಿಂಗಳಿಗೊಮ್ಮೆಯಾದರೂ ಭೇಟಿಕೊಡಬೇಕೆಂದೂ, ಆ ಸಮಿತಿಯಲ್ಲಿ ಒಬ್ಬ ಸ್ತ್ರೀಯೂ ಒಬ್ಬ ವೈದ್ಯಾಧಿಕಾರಿಯೂ ಇರಬೇಕೆಂದೂ ವಿಧಿಸಿದೆ. ಮೇಸನ್ ಮಹಾಶಯೆಯು ಇದನ್ನು ಕಂಡಿದ್ದರೆ ಮೆಚ್ಚುತ್ತಿದ್ದಳು. ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ ೨೦೧೨ರ ಶಾಸನದ ಪ್ರಕಾರ ಅಂತಹ ಕೃತ್ಯವು ಗೊತ್ತಿದ್ದೂ ತಿಳಿಸದೆ ಇರುವುದೇ ಅಪರಾಧ. ಆದರೂ ಬಿಹಾರದ ಮುಜಫರಪುರದಲ್ಲಿ ಸರ್ಕಾರದ ಹಣದಿಂದ ನಡೆಯುತ್ತಿದ್ದ ಬಾಲಿಕಾಗೃಹದ ಘೋರವು ೨೦೧೮ರಲ್ಲಿ ಬಯಲಾದುದು ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯ ತಂಡವೊಂದು ರಾಜ್ಯದ ವಸತಿಗಳನ್ನು ಸುತ್ತಿ, ಮಕ್ಕಳೊಡನೆ ಮಾತನಾಡಿ ಬರೆದ ವರದಿಯಿಂದ. ೨೦೨೦ರ ಜನವರಿಯಲ್ಲಿ ದೆಹಲಿಯ ನ್ಯಾಯಾಲಯವು ಹತ್ತೊಂಬತ್ತು ಮಂದಿಯನ್ನು ಅಪರಾಧಿಗಳೆಂದು ತೀರ್ಮಾನಿಸಿತು. ಆ ಹೆಣ್ಣುಮಕ್ಕಳು ಹೇಳಿದುದು ಹೊಸದೇನೂ ಅಲ್ಲ. ಅವರು ಅದನ್ನು ಮೊದಲೇ ಬಲ್ಲರು. ಕೇಳುವವರು ಆಗ ಬಂದರು.

ಡೆನಿಸನ ತಮ್ಮನಾದ ಟೆರೆನ್ಸ್ ಓನೀಲನು ಬದುಕಿ ಬೆಳೆದು, ಸಂಸಾರಸ್ಥನಾಗಿ, ತನ್ನ ಎಪ್ಪತ್ತೈದರ ಅಂಚಿನಲ್ಲಿ ತಮ್ಮಿಬ್ಬರ ಕಥೆಯನ್ನು ತಾನೇ ಬರೆದನು. ಹತ್ತು ವರ್ಷದವನಾಗಿ ನ್ಯಾಯಸ್ಥಾನದಲ್ಲಿ ಹೇಳಿದುದನ್ನು ಮುದುಕನಾಗಿ ಇನ್ನೊಮ್ಮೆ ಹೇಳಿದನು. ೨೦೧೦ರಲ್ಲಿ ಪ್ರಕಟವಾದ ಆ ಪುಸ್ತಕದ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ, ‘ನಮ್ಮನ್ನು ಪ್ರೀತಿಸುವವರೊಬ್ಬರು’ ಎಂದಾಗುತ್ತದೆ.